ಉಪ್ಪು ಹಿಡಿಯುವುದು ಒಲೆ ಆರಿದ ಮೇಲೆ

ಬಾಗಲಕೋಟೆ ಜಿಲ್ಲೆಯ ನಮ್ಮ ಕಡೆ ರೊಟ್ಟಿಯೊಂದಿಗೆ ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ ವರ್ಷವಿಡೀ ಇದ್ದದ್ದೇ. ಆದರೆ ಕುದಿಸಿದ ಹಸಿ ಶೇಂಗಾ ಮಾತ್ರ, ಜೂನ್‌ನಲ್ಲಿ ಬಿತ್ತಿದ ಮುಂಗಾರಿ ಬೆಳೆಯನ್ನು ಕೀಳುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ತಿಂಗಳ ಕೆಲವೇ ವಾರಗಳ ತಿನಿಸು. ನೀರಾವರಿ ಇದ್ದವರು ಬೇಸಿಗೆಯಲ್ಲಿ ಬೆಳೆದರೆ ಇನ್ನೊಂದು ಸಲ ಸಿಗುತ್ತದೆ.

ಚಿಕ್ಕಂದಿನಲ್ಲಿ ಹೊಲದ ಬದುವಿನಲ್ಲಿಯೇ ಮೂರು ಕಲ್ಲು ಹೂಡಿ ಅವ್ವ ಕುದಿಸಿ ಕೊಡುತ್ತಿದ್ದಳು. ಮದುವೆಯಾಗಿ ಪಟ್ಟಣಕ್ಕೆ ಬಂದ ಮೊದಲ ವರ್ಷ ನಾನೇ ಸಂತೆಯಿಂದ ಎರಡು ಕೆ.ಜಿ. ತಂದು, ಉಪ್ಪು ಹಾಕಿ ಕುದಿಸಿ, ಬೆಂದ ಕೂಡಲೇ ನೀರು ಬಸಿದು ಬೀಗರ ಮುಂದಿಟ್ಟೆ. ಕಾಳು ಮೆತ್ತಗಿತ್ತು, ಆದರೆ ಸಪ್ಪಗಿತ್ತು. ಮರುದಿನ ಫೋನಿನಲ್ಲಿ ಹೇಳಿಕೊಂಡಾಗ ಅವ್ವ, “ಉಪ್ಪು ಕುದಿಯೂವಾಗ ಹಿಡಿಯೂದಿಲ್ಲವಾ, ಆರೂವಾಗ ಹಿಡಿತೈತಿ” ಎಂದಳು. ಕಾಯಿಯೊಳಗೆ ತುಂಬಿದ್ದ ಹಬೆ ಆರುತ್ತ ಕುಗ್ಗಿದಂತೆ ಉಪ್ಪುನೀರು ಸಿಪ್ಪೆಯ ಮೂಲಕ ಒಳಗೆ ಇಳಿಯುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಈಗ ನಾನು ಕೊಳ್ಳುವಾಗಲೇ ಒಂದೆರಡು ಕಾಯಿ ಒಡೆದು ನೋಡುತ್ತೇನೆ. ಸಿಪ್ಪೆಯ ಒಳಮೈ ಕಂದಾಗಿದ್ದರೆ ಕಾಯಿ ಪೂರ್ತಿ ಬಲಿತಿದೆ, ಅದು ಒಣಗಿಸಿ ಇಡಲು ಚಲೋ. ಕುದಿಸಲು ಕಾಳು ತುಂಬಿಕೊಂಡು ಒಳಮೈ ಇನ್ನೂ ಬೆಳ್ಳಗಿರುವ ಕಾಯಿಯೇ ಬೇಕು, ಅದರ ಸಿಹಿ ಬಲಿತ ಕಾಯಿಗೆ ಇರುವುದಿಲ್ಲ. ಬೂಷ್ಟು ಹಿಡಿದದ್ದನ್ನು, ಕಪ್ಪಾಗಿ ಮುದುಡಿದ್ದನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬಾರದು, ಏಕೆಂದರೆ ಅಂಥ ಬೂಷ್ಟಿನ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದ ಶೇಂಗಾ ಎರಡು ನೀರಿಗೆ ಶುದ್ಧವಾಗುತ್ತದೆ. ಎರಿ, ಅಂದರೆ ಕಪ್ಪು ಮಣ್ಣಿನ ಹೊಲದ್ದಾದರೆ ಸಿಪ್ಪೆಯ ಗೆರೆಗಳಲ್ಲಿ ಮಣ್ಣು ಕಚ್ಚಿಕೊಂಡಿರುವುದರಿಂದ ಅರ್ಧ ತಾಸು ನೆನೆಯಿಟ್ಟು, ಅಂಗೈಯಿಂದ ಉಜ್ಜಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಬೇಕು.

ಒಂದು ಕೆ.ಜಿ. ಹಸಿ ಶೇಂಗಾಕ್ಕೆ ಎರಡೂವರೆ ಲೀಟರ್ ನೀರು, ಸುಮಾರು 60 ಗ್ರಾಂ ಹರಳುಪ್ಪು ಹಾಕುತ್ತೇನೆ. ಕಾಯಿ ಮೊದಲು ಮೇಲೆ ತೇಲುವುದರಿಂದ ಬೋಗುಣಿಯೊಳಗೆ ಒಂದು ತಾಟು ಮಗುಚಿ ಒತ್ತಿ ಇಡಬೇಕು. ಮುಕ್ಕಾಲು ತಾಸಿನಿಂದ ಒಂದು ತಾಸು ಮಧ್ಯಮ ಉರಿ ಸಾಕು. ಕುಕ್ಕರಿನಲ್ಲಿ ನಾಲ್ಕು ಸೀಟಿಗೆ ಬೇಯುತ್ತದೆ, ಆದರೂ ನನಗೆ ಬೋಗುಣಿಯದೇ ಒಳ್ಳೆಯದು, ಏಕೆಂದರೆ ನಡುನಡುವೆ ಒಂದೊಂದು ಕಾಯಿ ತೆಗೆದು ರುಚಿ ನೋಡಬಹುದು. ಒಣ ಶೇಂಗಾವಾದರೆ ರಾತ್ರಿಯಿಡೀ ನೆನೆಸಿ ಎರಡು ತಾಸು ಕುದಿಸಿದರೂ ಆ ಹಸಿತನ ಬರುವುದಿಲ್ಲ.

ಉರಿ ಆರಿಸಿದ ಮೇಲೆ ಕನಿಷ್ಠ ಒಂದೂವರೆ ತಾಸು ಅದೇ ನೀರಿನಲ್ಲಿ ಬಿಡುತ್ತೇನೆ. ತೇಲುತ್ತಿದ್ದ ಕಾಯಿಗಳು ಒಂದೊಂದಾಗಿ ತಳ ಸೇರಿದಾಗ ಒಂದನ್ನು ತೆಗೆದು ಬೆರಳಿನಿಂದ ಒತ್ತಿದರೆ, ಸಿಪ್ಪೆಯ ತುದಿ ಬಿರಿದು ಬೆಚ್ಚಗಿನ ಉಪ್ಪುನೀರು ಮೊಳಕೈವರೆಗೆ ಹರಿಯುತ್ತದೆ. ಒಳಗೆ ತಿಳಿ ಗುಲಾಬಿ ಬಣ್ಣದ ಎರಡು ಕಾಳು ಉಬ್ಬಿಕೊಂಡಿರುತ್ತವೆ. ಆಗ ಬಸಿದು ತಿನ್ನಲು ಕೊಡುತ್ತೇನೆ, ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡುತ್ತೇನೆ, ಹೊರಗಿಟ್ಟರೆ ಮರುದಿನಕ್ಕೆ ಲೋಳೆಯಾಗುತ್ತದೆ. ಈಗ ಬೀಗರು ಸೀಗಿ ಹುಣ್ಣಿವಿಗೆ ಬರುವ ಮುಂಚೆಯೇ ಫೋನ್ ಮಾಡಿ, “ಶೇಂಗಾ ಕುದಿಸೀರೇನ್ರಿ?” ಎಂದು ಕೇಳುತ್ತಾರೆ.