ಹಿಮ್ಮಡದ ಎಕ್ಸ್‌ರೇ ಮ್ಯಾಲೆ ಎರಡು ಗೆರಿ ಎಳಿಯೂದು ಹೆಂಗ

ಹುಬ್ಬಳ್ಳ್ಯಾಗ ಎಕ್ಸ್‌ರೇ ತೆಗಿಯೂ ಕೆಲಸ ನಂದು. ಸಾರವಿ ಮ್ಯಾಲಿಂದ ಬಿದ್ದ ಗೌಂಡಿ, ಕೆಲಗೇರಿ ಕಡೆ ಮಾವಿನ ಗಿಡದಿಂದ ಜಾರಿದಾಂವ, ಬಣವಿ ಮ್ಯಾಲಿಂದ ಜಿಗಿದಾಂವ, ಎಲ್ಲಾರೂ ಕೇಳೂದು ಒಂದ: "ಆಪರೇಶನ್ ಬೇಕೇನ್ರಿ?" ಅದನ್ನ ಹೇಳಾವರು ಎಲುಬಿನ ಡಾಕ್ಟರು. ಆದ್ರ ಅವರು ಫಿಲ್ಮಿನ್ಯಾಗ ಏನ್ ಹುಡುಕ್ತಾರ ಅನ್ನೂದು ಮನಿಮಂದಿಗೂ ತಿಳದ್ರ ಚಲೋ.

ಬಾಜೂದಿಂದ ತೆಗದ ಫಿಲ್ಮ್ ಕಿಡಕಿ ಗಾಜಿಗೆ ಹಚ್ಚಿ, ಮ್ಯಾಲೆ ಬಟರ್ ಪೇಪರ್ ಇಡ್ರಿ. ಹಿಮ್ಮಡದ ಎಲುಬಿನ ಮ್ಯಾಲಿನ ಅಂಚಿನ್ಯಾಗ ಮೂರು ಎತ್ತರದ ಜಾಗ ಅದಾವ: ಹಿಂದ ಗಡ್ಡಿಯ ನೆತ್ತಿ, ನಡುವ ಕೀಲಿನ ನೆತ್ತಿ, ಮುಂದ ಚುಂಚಿನ ನೆತ್ತಿ. ಮೂರೂ ಕಡೆ ಚುಕ್ಕಿ ಇಡ್ರಿ. ಹಿಂದಿನ ಚುಕ್ಕಿಯಿಂದ ನಡುವಿನದನ್ನ ದಾಟಿ ಮುಂದಕ್ಕ ಒಂದು ಗೆರಿ, ನಡುವಿನದರಿಂದ ಮುಂದಿನ ಚುಕ್ಕಿಗೆ ಇನ್ನೊಂದು. ಎರಡರ ನಡುವಿನ ಸಣ್ಣ ಕೋನಕ್ಕ ಹುಡುಗರ ಕಂಪಾಸ್ ಡಬ್ಬಿಯ ಕೋನಮಾಪಕ ಹಿಡೀರಿ. ಸಾಮಾನ್ಯಾಗಿ 20ರಿಂದ 40 ಡಿಗ್ರಿ ಇರ್ತದ. ಕೀಲು ಕುಸಿದ್ರ ಕಡಿಮಿ ಆಗ್ತದ, ಒಮ್ಮೊಮ್ಮೆ ಸೊನ್ನಿಗೂ ಕೆಳಗ. ಕೋನ ಸರಿ ಐತಿ ಅಂದ ಮಾತ್ರಕ್ಕ ಎಲುಬು ಮುರದಿಲ್ಲ ಅಂತಲ್ಲ ಮತ್ತ.

ಈ ಲೆಕ್ಕ ವಿಯೆನ್ನಾದ ಡಾಕ್ಟರ್ ಲೊರೆಂಜ್ ಬೋಲರ್ 1931ರಾಗ ಬರದದ್ದು. ಅದಕ್ಕಿಂತ ಮೊದಲು, 1908ರ ಹೊತ್ತಿಗೆ, ಬಾಸ್ಟನ್ನಿನ ಕಾಟನ್ ಅನ್ನೂ ಡಾಕ್ಟರ್ ಸುತ್ತಿಗಿ ಹಿಡಿದಿದ್ದ! ಬಿದ್ದ ಪೆಟ್ಟಿಗೆ ಈ ಎಲುಬು ರೊಟ್ಟಿ ಬಡದಂಗ ಅಗಲ ಆಗ್ತದ, ಹೊರಗಿನ ಬಾಜೂಕ ಸ್ನಾಯುರಜ್ಜು ಒತ್ತತದ, ಬೂಟು ಹಿಡಿಯೂದಿಲ್ಲ. ಅದಕ್ಕ ಕಾಲಿನ ಒಳಬಾಜೂಕ ಉಸುಕಿನ ಚೀಲ ಇಟ್ಟು, ಹೊರಗಿಂದ ಬಡದು ಒಳಗ ಕೂಡಸೂದು. ಕೇಳಿದ್ರ ಮೈ ಝುಂ ಅಂತದ, ವಿಚಾರ ಮಾತ್ರ ಪೂರಾ ತಪ್ಪಿದ್ದಿಲ್ಲ. ಆದ್ರ ಅಗಲ ಕಡಿಮಿ ಆದ್ರೂ ಕುಸಿದ ಕೀಲು ಸುತ್ತಿಗಿಗೆ ಮ್ಯಾಲೆ ಏಳೂದಿಲ್ಲ. ಬೋಲರ್ ಎಲುಬಿನ್ಯಾಗ ಪಿನ್ ಹಾಕಿ ಜಗ್ಗಿ, ಆಮ್ಯಾಲೆ ಕ್ಲಾಂಪಿನಿಂದ ಒತ್ತಿ, ಪ್ಲಾಸ್ಟರ್ ಹಾಕ್ತಿದ್ದ.

ಇಂಗ್ಲೆಂಡಿನ ಡಾಕ್ಟರ್ ಎಸೆಕ್ಸ್-ಲೊಪ್ರೆಸ್ಟಿ, 1952ರಾಗ ಅಚ್ಚಾದ ಲೇಖನದಾಗ, ಈ ಮುರಿತದಾಗ ಎರಡು ನಮೂನಿ ಬ್ಯಾರೆ ಮಾಡಿದ: ಕೀಲು ಅಷ್ಟ ಕುಸಿದದ್ದು ಒಂದು, ನಾಲಿಗಿ ಹಂಗ ಹಿಂದಿನತನಕ ತುಂಡು ಎದ್ದದ್ದು ಇನ್ನೊಂದು. ಇದು ನಿಮಗ ಗೊತ್ತಿರಲೇಬೇಕು. ಆ ನಾಲಿಗಿ ತುಂಡು ಹಿಂದಿನ ಚರ್ಮ ಒತ್ತಿ ಬೆಳ್ಳಗ ಮಾಡಿದ್ರ ತಾಸೂ ಕಾಯಬ್ಯಾಡ್ರಿ, ಚರ್ಮ ಸಾಯ್ತದ. 1993ರಾಗ ಸ್ಯಾಂಡರ್ಸ್ ಅನ್ನೂ ಡಾಕ್ಟರ್ ಸಿಟಿ ಸ್ಕ್ಯಾನ್ ಮ್ಯಾಲೆ ಕೀಲಿನ ತುಂಡು ಎಣಿಸಿದ. ಡಾಕ್ಟರ್ ಸಿಟಿ ಬರದ್ರ ರೊಕ್ಕ ಕೀಳಾಕ ಅಂತ ಮುನಿಬ್ಯಾಡ್ರಿ.

ಚರ್ಮ ಹಂಗ ಒತ್ತಿರದಿದ್ರ ಕಾಲು ಎತ್ತರಿಸಿ ಇಡೂದ ಮೊದಲ ಕೆಲಸ. ಎಣ್ಣಿ ತಿಕ್ಕೂದು, ಬಿಗಿಯಾಗಿ ಕಟ್ಟೂದು ಬ್ಯಾಡ. ಬಾವು ಇಳದು ಚರ್ಮದಾಗ ನಿರಿಗಿ ಬರೂತನಕ, ಒಂದೆರಡು ವಾರ, ಡಾಕ್ಟರು ಕಾಯೂದು ಆಲಸ್ಯ ಅಲ್ಲ. ಬಾತ ಚರ್ಮ ಕೊಯ್ದ್ರ ಗಾಯ ಕೂಡೂದಿಲ್ಲ. ಬೀಡಿ ಸೇದೋರು, ಸಕ್ರಿ ಕಾಯಿಲಿ ಇದ್ದವರು ಅದನ್ನ ಮುಚ್ಚಿಡಬ್ಯಾಡ್ರಿ.

ಆಪರೇಶನ್ ಆದ್ರ ಎಲ್ಲಾ ಸರಿ ಅಂತೂ ಇಲ್ಲ. 2014ರ ಬ್ರಿಟನ್ನಿನ ಪ್ರಯೋಗದಾಗ ಎರಡು ವರ್ಷದ ಮ್ಯಾಲೆ ನೋವು, ನಡಗಿ ಎರಡರಾಗೂ ಕೊಯ್ಸ್ಕೊಂಡವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಪೂರಾ ಸೊಟ್ಟಾದ ಹಿಮ್ಮಡ ಆ ಲೆಕ್ಕದಾಗ ಇರಲಿಲ್ಲ. ಅದಕ್ಕ ನಿಮ್ಮ ಕೋನದ ಕಾಗದ ಒಯ್ದು, "ನಮ್ಮದು ಯಾವ ನಮೂನಿರಿ?" ಅಂತ ಕೇಳ್ರಿ. ಎತ್ತರದಿಂದ ಬಿದ್ದಿದ್ರ ಬೆನ್ನಿನ ಎಕ್ಸ್‌ರೇನೂ ಬೇಕೇನು ಅಂತನೂ ಕೇಳ್ರಿ. ಕಾಲಿನ ನೋವಿನ್ಯಾಗ ಬೆನ್ನುಮೂಳಿ ಮುರದದ್ದು ಮರತು ಹೋಗ್ತದ.