ಕಾರವಾರದ ಮಳೆಗಾಲದಲ್ಲಿ ಗ್ಯಾಲಿಯಂ ಆರ್ಸೆನೈಡ್‌ನ ಬೆಳಕು ಅಳೆದದ್ದು

ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಫೋಟೋಲ್ಯೂಮಿನಿಸೆನ್ಸ್, ಅಂದರೆ ಲೇಸರ್ ಬಿದ್ದಾಗ ಅದು ತಾನೇ ಸೂಸುವ ಬೆಳಕು, ಅಳೆಯಲು ಎಸಿ ಕೋಣೆ ಬೇಕು, ಲಕ್ಷಗಟ್ಟಲೆ ಬೆಲೆಯ ಸ್ಪೆಕ್ಟ್ರೋಮೀಟರ್ ಬೇಕು, ಕಾರವಾರದ ಮಳೆಗಾಲದಲ್ಲಂತೂ ಅದು ಆಗದ ಕೆಲಸ ಎಂದವರೇ ಹೆಚ್ಚು. ಈಗ ಜುಲೈನ ಜಡಿಮಳೆಯಲ್ಲೂ 870 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿರುವ ಆ ಬೆಳಕಿನ ಶಿಖರ ಪ್ರತಿ ಸಲ ಅದೇ ಜಾಗದಲ್ಲಿ ಏಳುತ್ತದೆ. ಒಟ್ಟು ಖರ್ಚು ಇಪ್ಪತ್ತೈದು ಸಾವಿರದ ಒಳಗೆ, ಅದರಲ್ಲಿ ಹತ್ತಿರಹತ್ತಿರ ಅರ್ಧ ಬೆಳಕನ್ನು ತರಂಗಾಂತರಗಳಾಗಿ ಬಿಡಿಸುವ ಗ್ರೇಟಿಂಗ್ ಒಂದಕ್ಕೇ.

ಜೋಡಣೆಯಲ್ಲಿ ಹೊಸದೇನಿಲ್ಲ. 532 ನ್ಯಾನೋಮೀಟರಿನ ಹಸಿರು ಲೇಸರ್ ಮಾಡ್ಯೂಲ್, ಕಂಪ್ಯೂಟರ್ ಫ್ಯಾನಿಗೆ ಅಲ್ಯೂಮಿನಿಯಂ ತಗಡು ಕತ್ತರಿಸಿ ಹಾಕಿದ, ಬೆಳಕನ್ನು ತಡೆದು ಬಿಟ್ಟು ಮಾಡುವ ಚಾಪರ್, ಮಿಲಿಮೀಟರಿಗೆ 600 ಗೆರೆಯ ಗ್ರೇಟಿಂಗ್, ಬೆಳಕನ್ನು ಕರೆಂಟಾಗಿಸುವ ಬಿಪಿಡಬ್ಲ್ಯೂ34 ಫೋಟೋಡಯೋಡ್, ಆ ಕರೆಂಟನ್ನು ವೋಲ್ಟೇಜಾಗಿಸುವ ಆಪ್-ಆಂಪಿಗೆ 100 ಮೆಗಾಓಮ್ ಫೀಡ್‌ಬ್ಯಾಕ್ ರೆಸಿಸ್ಟರ್, ಎಡಿ630 ಚಿಪ್ ಮೇಲೆ ಕಟ್ಟಿದ ಲಾಕ್-ಇನ್ (ಚಾಪರಿನ ತಾಳಕ್ಕೆ ಹೊಂದುವ ಸಿಗ್ನಲನ್ನಷ್ಟೇ ಆರಿಸುವ ಸರ್ಕ್ಯೂಟ್). ಚಾಪರ್ 173 ಹರ್ಟ್ಸ್ ಸುಮಾರಿಗೆ ಓಡಲಿ. 150 ಮತ್ತು 200ರ ಹತ್ತಿರ ಹೋದರೆ ಕರೆಂಟಿನ ಗುನುಗು ಒಳಗೆ ಬರುತ್ತದೆ.

ಕೆಲಸ ಕೆಡಿಸಿದ್ದು ಸುಳ್ಳು ಶಿಖರಗಳು. ಹಳೆಯ ಟ್ಯೂಬ್‌ಲೈಟಿನಲ್ಲಿ ಪಾದರಸದ 435.8 ನ್ಯಾನೋಮೀಟರಿನ ಗೆರೆ ಇದೆ. ಗ್ರೇಟಿಂಗಿನ ಎರಡನೇ ಕ್ರಮದಲ್ಲಿ, ಅಂದರೆ ತರಂಗಾಂತರ ಇಮ್ಮಡಿಯಾದಂತೆ ತೋರುವ ಜಾಗದಲ್ಲಿ, ಅದು ಬೀಳುವುದು 871.6ರಲ್ಲಿ, ಅಂದರೆ ನಾವು ಹುಡುಕುವ ಜಾಗದಲ್ಲೇ! ಗುರುತಿಸುವುದು ಅಗಲದಿಂದ: ಕೋಣೆಯ ಉಷ್ಣತೆಯಲ್ಲಿ ನಿಜವಾದ ಶಿಖರ ಕಡಿಮೆಯೆಂದರೂ 28 ನ್ಯಾನೋಮೀಟರ್ ಅಗಲ ಇರುತ್ತದೆ, ಪಾದರಸದ್ದು ಬೆಳಕು ಒಳಬರುವ ಸೀಳುಗಂಡಿಯಷ್ಟೇ (ಸ್ಲಿಟ್) ಸಣ್ಣ. ಸೀಳುಗಂಡಿಯ ಮುಂದೆ 610 ನ್ಯಾನೋಮೀಟರಿಗಿಂತ ಕೆಳಗಿನದನ್ನು ತಡೆಯುವ ಕೆಂಪು ಗಾಜು ಇಟ್ಟರೆ ಅದು ಹೋಗುತ್ತದೆ. ಮೊದಲು ಗಾಜು ತೆಗೆದು ಅದೇ ಗೆರೆಯಿಂದ ಅಳತೆ ಸರಿಮಾಡಿಕೊಳ್ಳಿ, ಆಮೇಲೆ ಗಾಜು ಹಾಕಿ. ಇನ್ನೂ ಎರಡು ಗುರುತು ಬೇಕಿದ್ದರೆ ಟೆಸ್ಟರಿನೊಳಗಿನ ನಿಯಾನ್ ದೀಪ ಸಾಕು, 837.8 ಮತ್ತು 878.1ರಲ್ಲಿ ಸಿಗುತ್ತದೆ.

ಎರಡನೇ ಸುಳ್ಳು ಹಸಿರು ಲೇಸರಿನದೇ. ಅಗ್ಗದ ಮಾಡ್ಯೂಲಿನಿಂದ 808 ಮತ್ತು 1064 ಸೋರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಹಳೆಯ ವೆಬ್‌ಕ್ಯಾಮಿನ ಇನ್‌ಫ್ರಾರೆಡ್ ತಡೆಯುವ ಗಾಜನ್ನು ಲೇಸರಿನ ಮುಂದೆ ಕೂರಿಸಿದರೆ ತೊಂದರೆ ತಪ್ಪುತ್ತದೆ. ಪರೀಕ್ಷೆಗೆ ಮಾದರಿಯ ಜಾಗದಲ್ಲಿ ಉಜ್ಜಿದ ಅಲ್ಯೂಮಿನಿಯಂ ತುಂಡು ಇಡಿ. ಕಾಗದ ಬೇಡ, ಅದು ತಾನೇ ಬೆಳಗುತ್ತದೆ. 780ರಿಂದ 900ರ ನಡುವೆ ಏನಾದರೂ ಉಳಿದಿದ್ದರೆ ಅದು ಸುಳ್ಳು.

ಇನ್ನು ತೇವ. ಸಿಗ್ನಲ್ ಹತ್ತಾರು ಪಿಕೋಆಂಪಿಯರ್. ಉಪ್ಪುಗಾಳಿ ಕೂತ ಬೋರ್ಡಿನ ಮೇಲೆ ಇನ್ಸುಲೇಶನ್ 10 ಗಿಗಾಓಮಿಗೆ ಇಳಿದರೆ 9 ವೋಲ್ಟ್ ಬ್ಯಾಟರಿಯಿಂದಲೇ 900 ಪಿಕೋಆಂಪಿಯರ್ ಸೋರುತ್ತದೆ. ಸ್ಥಿರವಾದ ಸೋರಿಕೆಯನ್ನು ಲಾಕ್-ಇನ್ ಬಿಸಾಕುತ್ತದೆ, ಚಿಟಪಟ ಎನ್ನುವ ಸೋರಿಕೆಯನ್ನು ಬಿಸಾಕುವುದಿಲ್ಲ. ಲ್ಯಾಕರ್ ಬಳಿದದ್ದು ಕೆಟ್ಟಿತು, ಒಳಗಿನ ಉಪ್ಪು ಒಳಗೇ ಉಳಿಯಿತು. ಸರಿಹೋದದ್ದು ಹೀಗೆ: ಆಪ್-ಆಂಪಿನ ಇನ್‌ಪುಟ್ ಕಾಲನ್ನು ಬೋರ್ಡಿನಿಂದ ಎತ್ತಿ, ಡಯೋಡ್ ಮತ್ತು ರೆಸಿಸ್ಟರನ್ನು ಗಾಳಿಯಲ್ಲೇ ಟೆಫ್ಲಾನ್ ಗೂಟಕ್ಕೆ ಬೆಸೆಯುವುದು; ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯುವುದು; ಹೇರ್ ಡ್ರೈಯರಿನಲ್ಲಿ ಒಣಗಿಸಿ ಸಿಲಿಕಾ ಜೆಲ್ ಸಮೇತ ತಗಡಿನ ಡಬ್ಬಿಯಲ್ಲಿ ಮುಚ್ಚುವುದು. ತಂತಿ ಡಬ್ಬಿಯೊಳಗೆ ಹೋಗುವ ತೂತನ್ನು ನಾನು ಮುಚ್ಚುವ ಬಗೆ ನನ್ನಲ್ಲೇ ಇರಲಿ.

ಮಾದರಿಗೆ ಸಿಲಿಕಾನ್ ಬೆರೆಸಿದ ಎನ್-ಬಗೆಯ (ಹೆಚ್ಚುವರಿ ಎಲೆಕ್ಟ್ರಾನ್ ಇರುವ) ಗ್ಯಾಲಿಯಂ ಆರ್ಸೆನೈಡ್ ವೇಫರಿನ, ಅಂದರೆ ತೆಳು ಬಿಲ್ಲೆಯ, ಒಡೆದ ಚೂರು ತಂದೆ, ಕಡಿಮೆ ದುಡ್ಡಿಗೆ ಸಿಗುತ್ತದೆ. ಏನೂ ಬೆರೆಸದ, ವಿದ್ಯುತ್ ಅಷ್ಟಾಗಿ ಹರಿಯದ ಸೆಮಿ-ಇನ್ಸುಲೇಟಿಂಗ್ ಚೂರು ಮಂಕು. ಆರ್ಸೆನಿಕ್ ಇರುವುದರಿಂದ ಉಜ್ಜಿ ಪುಡಿ ಮಾಡಬೇಡಿ. ಮೇಲ್ಮೈಯಲ್ಲೇ ಎಲೆಕ್ಟ್ರಾನ್‌ಗಳು ಬೆಳಕು ಕೊಡದೆ ಸುಮ್ಮನೆ ಕಳೆದುಹೋಗುವುದು ಈ ವಸ್ತುವಿನ ದೊಡ್ಡ ಕಾಟ. ಅದನ್ನು ತಗ್ಗಿಸುವ ಸಲ್ಫೈಡ್ ಉಪಚಾರ 1987ರಿಂದ ಗೊತ್ತಿರುವುದೇ, ಅದನ್ನೂ ನೋಡಿದೆ: ಒಂದು ಮೋಲಾರ್ ಸೋಡಿಯಂ ಸಲ್ಫೈಡ್ ದ್ರಾವಣದಲ್ಲಿ ಹತ್ತು ನಿಮಿಷ, ತೊಳೆದು ಒಣಗಿಸುವುದು. ಬೆಳಕು ಹಲವು ಪಟ್ಟು ಏರಿತು. ಆದರೆ ನಮ್ಮ ಕರಾವಳಿ ಗಾಳಿಯಲ್ಲಿ ಬಿಟ್ಟರೆ ಮರುದಿನಕ್ಕೆ ಬಹುಪಾಲು ಇಳಿದಿರುತ್ತದೆ. ಆ ದ್ರಾವಣಕ್ಕೆ ಆಮ್ಲ ತಾಗಿಸಬಾರದು, ವಿಷದ ಅನಿಲ ಬರುತ್ತದೆ.

ಮಾದರಿಯನ್ನು ತಣಿಸಿದರೆ ಶಿಖರ ಕಡಿಮೆ ತರಂಗಾಂತರದತ್ತ ಸರಿಯಬೇಕು, ಅದನ್ನೂ ನೋಡಿದೆ. ತಣಿಸುವುದಕ್ಕೆ ದ್ರವ ಸಾರಜನಕ ಎಲ್ಲಿಂದ ಎಂದು ಎಲ್ಲರೂ ಕೇಳುತ್ತಾರೆ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯ ಕಾಪಿಡುವುದು ಅದರಲ್ಲೇ. ಆ ಸರಬರಾಜಿನವರನ್ನು ವಿಚಾರಿಸಿ, ಮೂರು ಲೀಟರ್ ಕ್ಯಾನು ಸಾಕು. ತಾಮ್ರದ ಸರಳಿನ ತುದಿಗೆ ಮಾದರಿ, ಪಕ್ಕದಲ್ಲೇ 10 ಮೈಕ್ರೋಆಂಪಿಯರ್ ಹರಿಯುವ 1ಎನ್4148 ಡಯೋಡ್. ಅದರ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಬದಲಾಗುತ್ತದೆ, ಥರ್ಮಾಮೀಟರ್ ಆಯಿತು. ಸರಳು 90 ಕೆಲ್ವಿನ್‌ಗಿಂತ ಕೆಳಗೆ ಇಳಿಯಲಿಲ್ಲ. ಉಷ್ಣತೆಗೆ ತಕ್ಕಂತೆ ಬ್ಯಾಂಡ್ ಅಂತರ (ಸೂಸುವ ಬೆಳಕಿನ ಬಣ್ಣ ನಿರ್ಧರಿಸುವ ಶಕ್ತಿಯ ಅಂತರ) ಬದಲಾಗುವುದನ್ನು ಹೇಳುವ ವರ್ಶ್ನಿಯ 1967ರ ಸೂತ್ರದ ಪ್ರಕಾರ ಅಲ್ಲಿ ಅದು 824 ನ್ಯಾನೋಮೀಟರಿಗೆ ಬರಬೇಕು. ನನ್ನ ಶಿಖರ 823 ಮತ್ತು 826ರ ನಡುವೆ ನಿಂತಿತು, ಅನುಮಾನಪಟ್ಟವರಿಗೆ ಗ್ರಾಫ್ ತೋರಿಸಿದ್ದೇನೆ. 808ರ ಸೋರಿಕೆ ತಡೆಯದಿದ್ದರೆ ಇಲ್ಲಿ ಅದು ಶಿಖರದ ಹೆಗಲಿಗೇ ಅಂಟುತ್ತದೆ.

ಮಾದರಿಯ ಮುಂದಿನ ಗಾಜಿಗೆ ಹಿಮ ಕಟ್ಟದಂತೆ ಕ್ಯಾನಿನಿಂದ ಆವಿಯಾಗುವ ಸಾರಜನಕವನ್ನೇ ಕೊಳವೆಯಲ್ಲಿ ತಂದು ಮಾದರಿಯ ಮೇಲೆ ಹಾಯಿಸಿ, ಕೋಣೆಯ ಕಿಟಕಿ ತೆರೆದಿಡಿ. ಅಳತೆ ಮುಗಿದ ಮೇಲೂ ಸರಳು ಪೂರ್ತಿ ಬೆಚ್ಚಗಾಗುವವರೆಗೆ ಆ ಅನಿಲ ನಿಲ್ಲಿಸಬೇಡಿ. ಅವಸರ ಮಾಡಿದರೆ ನೀರು ಕೂತು ಸಲ್ಫೈಡ್ ಪದರ ಅಲ್ಲೇ ಹಾಳಾಗುತ್ತದೆ.