ಟ್ರೈಪಾಡ್ ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಬೇಕಲದ ಕಡಲತೀರದಲ್ಲಿ ಹೊತ್ತು ಮುಳುಗುವಾಗ ಟ್ರೈಪಾಡಿನ ಹಿಂದೆ ಗೂನು ಬೆನ್ನು ಮಾಡಿಕೊಂಡು ನಿಂತವರನ್ನು ನೋಡಿ. ಅರ್ಧ ಗಂಟೆಗೆ ಸೊಂಟ ಹಿಡಿಯುತ್ತದೆ. ಆಗ ನಡುವಿನ ಕಂಬವನ್ನು ಪೂರ್ತಿ ಮೇಲೆತ್ತುತ್ತಾರೆ, ಗಾಳಿಗೆ ಕ್ಯಾಮೆರಾ ಅಲುಗುತ್ತದೆ, ಮನೆಗೆ ಹೋಗಿ ನೋಡಿದರೆ ಚಿತ್ರವೆಲ್ಲ ಮಸುಕು. ಡಬ್ಬಿಯ ಮೇಲಿದ್ದ ಎತ್ತರದ ಒಂದೇ ಒಂದು ಸಂಖ್ಯೆಯನ್ನು ನಂಬಿದ್ದರ ಫಲ ಇದು.

1. ಕಣ್ಣಿನ ಎತ್ತರ ಅಳೆಯಿರಿ. ನಿಮ್ಮ ಎತ್ತರವಲ್ಲ, ಕಣ್ಣಿನ ಎತ್ತರ. ಹೊರಗೆ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಗೋಡೆಗೆ ಒರಗಿ ನಿಲ್ಲಿ, ಕಣ್ಣಿನ ನೇರಕ್ಕೆ ಯಾರಾದರೂ ಪೆನ್ಸಿಲಿನಲ್ಲಿ ಗೆರೆ ಹಾಕಲಿ. ಸಾಮಾನ್ಯವಾಗಿ ಅದು ನೆತ್ತಿಗಿಂತ 11-12 ಸೆಂ.ಮೀ. ಕೆಳಗಿರುತ್ತದೆ. 170 ಸೆಂ.ಮೀ. ಎತ್ತರದವರಿಗೆ 158 ಎಂದಿಟ್ಟುಕೊಳ್ಳಿ.

2. ಕಳೆಯುವ ಲೆಕ್ಕ. ಎಲ್ಲರೂ ಎಡವುವುದು ಇಲ್ಲಿ. ಕಾಲುಗಳ ಮೇಲೆ ಹೆಡ್ (ಕ್ಯಾಮೆರಾವನ್ನು ಹಿಡಿದು ತಿರುಗಿಸುವ ಭಾಗ) ಕೂರುತ್ತದೆ, ಹೆಡ್ಡಿನ ಮೇಲೆ ಕ್ಯಾಮೆರಾ. ಗುಂಡಿನ ಮೇಲೆ ಎತ್ತಲಾದರೂ ತಿರುಗುವ ಬಾಲ್ ಹೆಡ್ ಆದರೆ ಸುಮಾರು 10 ಸೆಂ.ಮೀ., ವಿಡಿಯೊ ಹೆಡ್ ಆದರೆ ಇನ್ನೂ ಎರಡು ಮೂರು ಹೆಚ್ಚು. ಕ್ಯಾಮೆರಾದ ತಳದಿಂದ ಕಣ್ಣಿಡುವ ಕಿಂಡಿಯವರೆಗೆ 7ರಿಂದ 9. ನಿಮ್ಮದನ್ನು ನೀವೇ ಅಳೆಯಿರಿ. 158ರಿಂದ 10 ಮತ್ತು 9 ಕಳೆದರೆ 139. ಹಾಗಾದರೆ ನಡುಕಂಬ ಕೆಳಗಿರುವಾಗಲೇ ಕಾಲುಗಳು 139 ಸೆಂ.ಮೀ. ಮುಟ್ಟಬೇಕು.

ಈಗ ಡಬ್ಬಿ ನೋಡಿ. 'ಗರಿಷ್ಠ ಎತ್ತರ 160' ಎಂದಿರುತ್ತದೆ. ಆ 160ರಲ್ಲಿ ನಡುಕಂಬದ 28 ಸೆಂ.ಮೀ. ಸೇರಿದೆ ಎನ್ನಿ, ಕಂಬ ಇಳಿಸಿದರೆ ಉಳಿಯುವುದು 132. ಹೆಡ್ ಲೆಕ್ಕಕ್ಕೆ ಹಿಡಿಯದೆ ಬರೆದಿದ್ದರೆ 132ಕ್ಕೆ 10 ಮತ್ತು 9 ಕೂಡಿ 151. ಕಣ್ಣು 158ರಲ್ಲಿದೆ, ಏಳು ಸೆಂ.ಮೀ. ಬಗ್ಗಿದರೆ ಸಾಕು, ಹೇಗೋ ನಡೆಯುತ್ತದೆ. ಹೆಡ್ಡನ್ನೂ ಸೇರಿಸಿ ಬರೆದಿದ್ದರೆ? 132ಕ್ಕೆ 9 ಕೂಡಿ 141 ಅಷ್ಟೇ. ಹದಿನೇಳು ಸೆಂ.ಮೀ. ಬಗ್ಗಬೇಕು. ಡಬ್ಬಿ ಅದೇ, ಸಂಖ್ಯೆ ಅದೇ, ಬೆನ್ನಿಗೆ ಮಾತ್ರ ಹತ್ತು ಸೆಂ.ಮೀ. ವ್ಯತ್ಯಾಸ. ಆದ್ದರಿಂದ ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ: ಕಂಬ ಇಳಿಸಿದಾಗ ಎಷ್ಟು? ಹೆಡ್ ಸೇರಿಸಿಯೋ ಬಿಟ್ಟೋ? ಉತ್ತರ ಬರದಿದ್ದರೆ ಟೇಪು ತೆಗೆಯಿರಿ.

ನಡುಕಂಬ ಎತ್ತಿದರೆ ಏನಾಗುತ್ತದೆ ಎನ್ನುವವರಿಗೆ: ಮೂರು ಕಾಲಿನ ಮೇಲೆ ನಿಂತಿದ್ದ ಕ್ಯಾಮೆರಾ ಒಂದೇ ಕೋಲಿನ ತುದಿಗೆ ಹೋಗುತ್ತದೆ. ಕಂಬವನ್ನು ತುರ್ತಿಗೆ ಇಟ್ಟುಕೊಳ್ಳಿ, ದಿನದ ಕೆಲಸಕ್ಕೆ ಬೇಡ.

3. ನೀವು ತೆಗೆಯುವ ಚಿತ್ರಕ್ಕೆ ತಕ್ಕಂತೆ ಕೂಡಿಸಿ, ಕಳೆಯಿರಿ. ಪೊಸಡಿಗುಂಪೆ, ರಾಣಿಪುರದಂಥ ಗುಡ್ಡದಲ್ಲಿ ನೆಲ ಸಮ ಇರುವುದಿಲ್ಲ. ಅಗಲಿಸಿದ ಕಾಲುಗಳ ನಡುವೆ ಹತ್ತಿರ ಹತ್ತಿರ ಒಂದು ಮೀಟರ್ ಅಂತರ. ಐದಡಿಗೆ ಒಂದಡಿ ಇಳಿಯುವ ಜಾಗದಲ್ಲಿ ತಗ್ಗಿನ ಕಾಲಿಗೆ 20 ಸೆಂ.ಮೀ.ಯಷ್ಟು ಹೆಚ್ಚು ಉದ್ದ ಬೇಕಾಗುತ್ತದೆ. ಕ್ಯಾಮೆರಾ ಕಣಿವೆಯತ್ತ ತಿರುಗಿದ್ದರೆ ನೀವು ಮೇಲುಗಡೆ ನಿಂತಿರುತ್ತೀರಿ, ಆಗ ಇನ್ನಷ್ಟು ಎತ್ತರ ಬೇಕು. ಗುಡ್ಡ ಹತ್ತುವವರು 139ರ ಬದಲು ಕಡಿಮೆಯೆಂದರೂ 150ರ ಕಾಲು ಹುಡುಕಿ.

ನೇಮದಲ್ಲಿ (ದೈವದ ಕೋಲದಲ್ಲಿ) ದೈವದ ಬೆನ್ನಿಗೆ ಕಟ್ಟುವ ಎತ್ತರದ ಅಣಿ, ಆಕಾಶದ ನಕ್ಷತ್ರ ತೆಗೆಯುವಾಗ ಕ್ಯಾಮೆರಾ ಮೇಲಕ್ಕೆ ಮುಖ ಮಾಡುತ್ತದೆ, ಕಿಂಡಿ ಕೆಳಗಿಳಿಯುತ್ತದೆ. ಅದಕ್ಕೂ ಐದಾರು ಸೆಂ.ಮೀ. ಸೇರಿಸಿ. ಪರದೆ ಮಡಚಿ ಮೇಲ್ಮುಖ ಮಾಡಬಹುದಾದ ಕ್ಯಾಮೆರಾ ಇದ್ದವರಿಗೆ ಲೆಕ್ಕ ತಿರುಗುಮುರುಗು: ಎದೆಮಟ್ಟ ಸಾಕು, 15 ಸೆಂ.ಮೀ. ಕಡಿಮೆಯದೇ ನಡೆಯುತ್ತದೆ, ದುಡ್ಡೂ ಉಳಿಯುತ್ತದೆ.

ಯಕ್ಷಗಾನ ಆಟದ ವಿಡಿಯೊ ಮಾಡುವವರು ಕುರ್ಚಿಯಲ್ಲಿ ಕೂತೇ ಬೆಳಗು ಮಾಡುತ್ತಾರೆ. ಕೂತಾಗ ಕಣ್ಣು ಸುಮಾರು 115-120 ಸೆಂ.ಮೀ.ನಲ್ಲಿರುತ್ತದೆ. ಆದರೆ ಮುಂದಿನ ಸಾಲಿನ ತಲೆಗಳು 130ರವರೆಗೆ ಬರುತ್ತವೆ. ರಂಗಸ್ಥಳ ನೆಲಮಟ್ಟದಲ್ಲಿದ್ದರೆ ಲೆನ್ಸು ಅವುಗಳ ಮೇಲಿರಬೇಕು, ನೋಡುವುದಕ್ಕೆ ಪರದೆಯಿದ್ದರಾಯಿತು. ನೇಮದಲ್ಲಿ ಜನ ಸುತ್ತ ನಿಂತಿರುತ್ತಾರೆ. ಅಲ್ಲಿ ಮೂರು ಕಾಲು ಹರಡಿ ಜನರನ್ನು ಎಡವಿಸಬೇಡಿ, ಒಂಟಿಕಾಲಿನ ಮಾನೋಪಾಡ್ ಒಯ್ಯಿರಿ. ಬೇಕಲ ಕೋಟೆಯ ಒಳಗೆ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು ಎನ್ನುವುದೂ ನೆನಪಿರಲಿ.

ಮಳೆಗಾಲದಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಪಾದೆಯ, ಅಂದರೆ ಹಾಸುಬಂಡೆಯ ಮೇಲೆ ಅರಳುವ ಬೆರಳುದ್ದದ ಹೂಗಳಿಗೆ ಬೇಕಾದದ್ದು ಗರಿಷ್ಠ ಎತ್ತರವಲ್ಲ, ಕನಿಷ್ಠ. ಕಾಲು ಪೂರ್ತಿ ಅಗಲಿಸಿದಾಗ 20 ಸೆಂ.ಮೀ.ಗೆ ಇಳಿಯಬೇಕು. ಉದ್ದದ ನಡುಕಂಬ ಅದಕ್ಕೆ ಬಿಡುವುದಿಲ್ಲ, ನೆಲಕ್ಕೆ ತಾಗುತ್ತದೆ. ಬಿಚ್ಚಿ ಎರಡು ಮಾಡಬಹುದಾದ ಕಂಬ ಇರುವುದನ್ನೇ ಆರಿಸಿ.

4. ಕಾಲಿನ ತುಂಡುಗಳು. ನಾಲ್ಕು ತುಂಡಿನದು ತೆಗೆದುಕೊಳ್ಳಿ. ಐದರದ್ದು ಮಡಚಿದರೆ ಬಸ್ಸಿನ ಚೀಲದಲ್ಲಿ ಹಿಡಿಯುತ್ತದೆ ನಿಜ, ಆದರೆ ಕೊನೆಯ ತುಂಡು ಪೆನ್ಸಿಲಿನಂತೆ ಸಪೂರ. ಅದನ್ನೂ ಎಳೆದರೆ ಮಾತ್ರ 139 ಸಿಗುವಂಥದ್ದು ನಿಮ್ಮ ಟ್ರೈಪಾಡ್ ಅಲ್ಲ.

5. ಭಾರ. ಕ್ಯಾಮೆರಾ, ಲೆನ್ಸ್ ಸೇರಿ ತೂಗಿದ್ದಕ್ಕೆ ಎರಡೂವರೆ ಪಟ್ಟು ಹೊರುವ ಸಾಮರ್ಥ್ಯ ಇರಲಿ. ಪ್ಲಾಸ್ಟಿಕ್ ಹೆಡ್ಡಿನ ಅಗ್ಗದ ಸ್ಟ್ಯಾಂಡುಗಳು ಮೊಬೈಲಿಗೆ ಸರಿ. ಅವುಗಳ ಹಿಡಿ ಬಿಗಿ ಮಾಡಿದ ಮೇಲೂ ಲೆನ್ಸು ಮೆಲ್ಲನೆ ಮೂತಿ ಇಳಿಸುತ್ತದೆ.

6. ಅಂಗಡಿಯಲ್ಲೇ ಪರೀಕ್ಷೆ. ನಿಮ್ಮದೇ ಕ್ಯಾಮೆರಾ ಒಯ್ದು ಹಾಕಿ, ಕಾಲು ಪೂರ್ತಿ ಎಳೆದು, ಕಂಬ ಇಳಿಸಿಯೇ ನಿಲ್ಲಿಸಿ. ಪರದೆಯ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ ಲೆನ್ಸಿನ ತುದಿಗೆ ಬೆರಳಿನಿಂದ ತಟ್ಟಿ. ನಡುಕ ಎರಡು ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಎಷ್ಟೇ ಎತ್ತರ ಇದ್ದರೂ ಅಲ್ಲೇ ಬಿಟ್ಟು ಬನ್ನಿ.

7. ಮರಳಿನಲ್ಲಿ ನಿಲ್ಲಿಸುವಾಗ. ಬೇರೆ ಕಡೆ ದಪ್ಪ ತುಂಡನ್ನು ಮೊದಲು ಎಳೆಯಬೇಕು, ಸಪೂರದ್ದು ಕೊನೆಗೆ. ಕಡಲತೀರದಲ್ಲಿ ಉಲ್ಟಾ: ಕೆಳಗಿನ ತುಂಡನ್ನೇ ಮೊದಲು ಎಳೆಯಿರಿ, ಇಲ್ಲದಿದ್ದರೆ ಅದರ ಲಾಕು ಮರಳಿಗೆ, ಉಪ್ಪುನೀರಿಗೆ ಸಿಗುತ್ತದೆ. ತಿರುಪಿನ ಲಾಕಿನೊಳಗೆ ಮರಳು ಹೊಕ್ಕರೆ ಕರಕರ ಶುರು. ಅದಕ್ಕೇ ಕರಾವಳಿಯವರಿಗೆ ಒತ್ತಿ ಮುಚ್ಚುವ ಫ್ಲಿಪ್ ಲಾಕೇ ವಾಸಿ. ಗಾಳಿಗೆ ಭಾರ ತೂಗುಹಾಕುವುದಾದರೆ ಚೀಲದ ತಳ ನೆಲಕ್ಕೆ ತಾಗುತ್ತಿರಲಿ, ತೂಗಾಡುವ ಚೀಲ ಟ್ರೈಪಾಡನ್ನೂ ತೂಗಾಡಿಸುತ್ತದೆ. ಮನೆಗೆ ಬಂದ ಕೂಡಲೇ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು, ಮಡಚದೆ, ಎಳೆದ ಸ್ಥಿತಿಯಲ್ಲೇ ಒಂದು ರಾತ್ರಿ ನೆರಳಿನಲ್ಲಿ ಒಣಗಲು ಬಿಡಿ.